ಐಸಿಯುನಿಂದ ಮನೆಗೆ: ತಲೆ ತಿಳಿಯಾಗುವ ತಿಂಗಳುಗಳು

ಕೋವಿಡ್ ಅಥವಾ ಎಚ್1ಎನ್1 ನ್ಯುಮೋನಿಯಾ ಬಿಗಡಾಯಿಸಿ ವೆಂಟಿಲೇಟರ್ ಹಾಕಿಸಿಕೊಂಡು ಬದುಕಿ ಬಂದವರ ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ. ಆಕ್ಸಿಜನ್ ಎಷ್ಟಿತ್ತು, ಉರಿಯೂತ ತೋರಿಸುವ ಸಿಆರ್‌ಪಿ ಎಷ್ಟಕ್ಕೆ ಇಳಿಯಿತು, ಯಾವ ಆ್ಯಂಟಿಬಯೋಟಿಕ್ ಎಷ್ಟು ದಿನ ಕೊಟ್ಟರು, ಎಲ್ಲ ಇರುತ್ತದೆ. ಮನೆಗೆ ಬಂದ ಮೇಲೆ ಹಾಲಿನ ಲೆಕ್ಕ ಕೂಡಿಸಲು ಆಗದಿರುವುದು, ಮಾತಿನ ನಡುವೆ ಪದ ಸಿಗದೆ ತಡವರಿಸುವುದು, ರಾತ್ರಿ ಮೂರಕ್ಕೆ ಬೆಚ್ಚಿ ಎದ್ದು ಕೂರುವುದು, ಇವುಗಳ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಮನೆಯವರು "ಇನ್ನೂ ಸುಸ್ತಿದೆ, ಸರಿಹೋಗುತ್ತೆ ಬಿಡಿ" ಅನ್ನುತ್ತಾರೆ. ಕಾಯಿಲೆ ಬಿದ್ದವರು "ನನಗೆ ಹುಚ್ಚೇ ಹಿಡಿಯಿತೇನೋ" ಎಂದು ಒಳಗೊಳಗೇ ಹೆದರುತ್ತಾರೆ. ಎರಡೂ ಅಲ್ಲ. ಇದು ಗುರುತಿಸಿ ಹೆಸರಿಟ್ಟ ಸ್ಥಿತಿ. ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್, ಚಿಕ್ಕದಾಗಿ ಪಿಕ್ಸ್, ಎಂಬ ಹೆಸರು 2012ರಿಂದ ವೈದ್ಯಕೀಯ ಬರವಣಿಗೆಯಲ್ಲಿದೆ.

ಈ ಚೇತರಿಕೆಗೆ ಒಂದು ಸರದಿ ಇದೆ. ಮೊದಲು ಮಾತ್ರೆ ಮತ್ತು ನಿದ್ದೆ, ಆಮೇಲೆ ಕಳೆದುಹೋದ ದಿನಗಳ ಲೆಕ್ಕ, ಆಮೇಲೆ ಗಮನ. ನೆನಪು, ದುಡ್ಡುಕಾಸು, ಕೆಲಸ ಕೊನೆಗೆ. ಹೆಚ್ಚಿನ ಮನೆಗಳಲ್ಲಿ ತಪ್ಪುವುದೇ ಈ ಸರದಿ. ಬಂದ ವಾರವೇ ಸುಡೊಕು ಪುಸ್ತಕ ಕೈಗಿಡುತ್ತಾರೆ, ಬಾದಾಮಿ ತಿನ್ನಿಸುತ್ತಾರೆ. ನಿದ್ದೆ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಒಳಗೆ ಏನಾಗಿರುತ್ತದೆ

ವೈರಸ್ ನೇರವಾಗಿ ಮಿದುಳಿಗೆ ಹೋಗಿ ಕೆಡಿಸಿತು ಎಂದುಕೊಳ್ಳುವವರೇ ಹೆಚ್ಚು. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳು ಜ್ವರದಲ್ಲಿ ಹಾಗಾಗುವುದುಂಟು. ಮಲೆನಾಡಿನ ಮಂಗನ ಕಾಯಿಲೆಯಲ್ಲೂ ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಜ್ವರ ಬಂದು, ತಲೆನೋವು, ನಡುಕ, ಗೊಂದಲ ಕಾಣಿಸಿಕೊಳ್ಳುತ್ತವೆ. ಆದರೆ ಶ್ವಾಸಕೋಶ ಹಿಡಿದ ವೈರಸ್ ಜ್ವರಗಳಲ್ಲಿ ಬಹುಪಾಲು ಪೆಟ್ಟು ಸುತ್ತುಬಳಸಿ ಬೀಳುತ್ತದೆ. ಆಕ್ಸಿಜನ್ ಕಡಿಮೆಯಾದ ಗಂಟೆಗಳು, ಮೈಯೆಲ್ಲ ಉರಿಯೂತ, ಮಂಪರು ಬರಿಸಲು ಕೊಟ್ಟ ಮಿಡಜೋಲಾಮ್, ಫೆಂಟನಿಲ್, ಹಗಲು-ರಾತ್ರಿ ಗೊತ್ತಾಗದ ಟ್ಯೂಬ್‌ಲೈಟ್ ಬೆಳಕು, ಗಂಟೆಗೊಮ್ಮೆ ಎಬ್ಬಿಸುವ ಅಲಾರಂ. ಇವೆಲ್ಲ ಸೇರಿದಾಗ ಸನ್ನಿ ಹಿಡಿಯುತ್ತದೆ. ಡಾಕ್ಟರುಗಳು ಡೆಲಿರಿಯಂ ಅನ್ನುವುದು ಇದನ್ನೇ.

ಈ ಸನ್ನಿ ಎಷ್ಟು ದಿನ ಇತ್ತು ಎನ್ನುವುದು ಮುಂದಿನ ಕಥೆಯನ್ನು ದೊಡ್ಡ ಮಟ್ಟಿಗೆ ನಿರ್ಧರಿಸುತ್ತದೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 821 ಐಸಿಯು ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 74 ಮಂದಿಗೆ ಸನ್ನಿ ಹಿಡಿದಿತ್ತು. ಬಿಡುಗಡೆಯಾದ ಮೂರು ತಿಂಗಳಿಗೆ ಪರೀಕ್ಷಿಸಿದಾಗ ನೂರಕ್ಕೆ 40 ಮಂದಿಯ ಬುದ್ಧಿಶಕ್ತಿಯ ಅಂಕ ತಲೆಗೆ ಮಧ್ಯಮ ಪೆಟ್ಟು ಬಿದ್ದವರ ಮಟ್ಟಕ್ಕೆ ಇಳಿದಿತ್ತು. ವರ್ಷ ಕಳೆದ ಮೇಲೂ ನೂರಕ್ಕೆ 34 ಮಂದಿ ಅದೇ ಮಟ್ಟದಲ್ಲಿದ್ದರು. ಸನ್ನಿ ಹೆಚ್ಚು ದಿನ ಇದ್ದವರ ಅಂಕ ಇನ್ನೂ ಕಡಿಮೆ. ಇದು ಮುದುಕರಿಗಷ್ಟೇ ಆಗುವುದಲ್ಲ, ಆ ಅಧ್ಯಯನದಲ್ಲಿ ಚಿಕ್ಕ ವಯಸ್ಸಿನವರಿಗೂ ಆಗಿತ್ತು.

ಕೋವಿಡ್ ಕಾಲದಲ್ಲಿ ಇದು ಬಿಗಡಾಯಿಸಲು ಕಾರಣವಿತ್ತು. 14 ದೇಶಗಳ 2088 ಐಸಿಯು ರೋಗಿಗಳನ್ನು ನೋಡಿದ 2021ರ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸನ್ನಿ ಹಿಡಿದಿತ್ತು. ಮಿಡಜೋಲಾಮ್ ಜಾತಿಯ ಔಷಧ ಸತತವಾಗಿ ಹರಿಸಿದವರಿಗೆ ಅದರ ಸಾಧ್ಯತೆ ಹೆಚ್ಚಿತ್ತು. ಮನೆಯವರ ಭೇಟಿ ಸಿಕ್ಕವರಿಗೆ, ಅದು ವಿಡಿಯೊ ಕಾಲ್ ಆದರೂ ಸರಿ, ಕಡಿಮೆಯಿತ್ತು. ನಮ್ಮಲ್ಲಿ ಆ ಎರಡು ವರ್ಷ ಬಾಗಿಲ ಬಳಿಗೂ ಯಾರನ್ನೂ ಬಿಡುತ್ತಿರಲಿಲ್ಲ. ಮುಖ ಕಾಣದ ಪಿಪಿಇ ಕಿಟ್‌ನವರು, ಅರ್ಥವಾಗದ ಭಾಷೆ, ಟ್ಯೂಬ್ ಕಿತ್ತುಕೊಳ್ಳದಂತೆ ಮಂಚಕ್ಕೆ ಕಟ್ಟಿದ ಕೈ.

ಸನ್ನಿ ಅಂದರೆ ಕೂಗಾಡುವುದು ಎಂದೇನಿಲ್ಲ. ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿರುವ, ಯಾರಿಗೂ ತೊಂದರೆ ಕೊಡದ ರೋಗಿಯೂ ಸನ್ನಿಯಲ್ಲಿರಬಹುದು. ಇದನ್ನು ಗುರುತಿಸುವವರು ಕಡಿಮೆ, ಹಾಗಾಗಿ ಕಾಗದದಲ್ಲೂ ಬರುವುದಿಲ್ಲ. "ಅಲ್ಲಿ ಚೆನ್ನಾಗೇ ಇದ್ದರಂತೆ, ಮನೆಗೆ ಬಂದ ಮೇಲೆ ಹೀಗಾಯ್ತು" ಎಂಬ ಮಾತು ಹುಟ್ಟುವುದು ಇಲ್ಲೇ.

ಮೊದಲ ಎರಡು ವಾರ: ಚೀಟಿ ಮತ್ತು ನಿದ್ದೆ

ಮಾತ್ರೆಯ ಚೀಟಿ ಹಿಡಿದು ಪ್ರತಿ ಮಾತ್ರೆಗೂ ಡಾಕ್ಟರನ್ನು ಎರಡು ಪ್ರಶ್ನೆ ಕೇಳಬೇಕು: ಇದು ಯಾತಕ್ಕೆ, ಎಷ್ಟು ದಿನ? ಐಸಿಯುನಲ್ಲಿ ಸನ್ನಿ ತಗ್ಗಿಸಲೆಂದು ಶುರುಮಾಡಿದ ಕ್ವಿಟಿಯಾಪಿನ್, ನಿದ್ದೆಗೆಂದು ಕೊಟ್ಟ ಆಲ್ಪ್ರಜೋಲಾಮ್ ನಿಲ್ಲಿಸಲು ಯಾರಿಗೂ ನೆನಪಾಗದೆ ತಿಂಗಳುಗಟ್ಟಲೆ ಮುಂದುವರಿಯುತ್ತವೆ. ಇವೆರಡೂ ತಲೆ ಮಂಕಾಗಿಸುತ್ತವೆ. ಕೆಮ್ಮಿನ ಸಿರಪ್‌ಗಳಲ್ಲಿರುವ ಕ್ಲೋರ್‌ಫೆನಿರಮೈನ್, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ವಯಸ್ಸಾದವರಲ್ಲಿ ನೆನಪನ್ನು ಮಸುಕು ಮಾಡುತ್ತವೆ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಆಲ್ಪ್ರಜೋಲಾಮ್ ವಾರಗಟ್ಟಲೆ ತೆಗೆದುಕೊಂಡು ಥಟ್ಟನೆ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು. ಸ್ಟೀರಾಯ್ಡ್ ಕೂಡ ಹೀಗೆಯೇ, ಹಂತಹಂತವಾಗಿ ಇಳಿಸಬೇಕು. ಸ್ಟೀರಾಯ್ಡ್ ಮಾತ್ರೆ ಬೆಳಗ್ಗೆಯೇ ನುಂಗಬೇಕು. ಸಂಜೆ ತೆಗೆದುಕೊಂಡರೆ ನಿದ್ದೆ ಹಾರಿಹೋಗುತ್ತದೆ. ಅಕಾರಣ ಸಿಟ್ಟು, ವಿಪರೀತ ಉಮೇದು, ಥಟ್ಟನೆ ಅಳು, ಇವೂ ಆ ಮಾತ್ರೆಯ ಕೆಲಸವಿರಬಹುದು.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಸೋಡಿಯಂ, ಸಕ್ಕರೆ, ಥೈರಾಯ್ಡ್‌ನ ಟಿಎಸ್‌ಎಚ್, ಬಿ12 ನೋಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆ ಇರುವುದು ಸಾಮಾನ್ಯ, ಆ ಕೊರತೆಯೂ ಮರೆವು ತರುತ್ತದೆ. ಕಿವಿಯನ್ನೂ ಮರೆಯಬೇಡಿ. ಅಮಿಕಾಸಿನ್‌ನಂಥ ಕೆಲವು ಇಂಜೆಕ್ಷನ್‌ಗಳು ಕೇಳಿಸುವ ಶಕ್ತಿಯನ್ನು ಕುಗ್ಗಿಸುತ್ತವೆ. ಕೇಳಿಸದೆ ಉತ್ತರ ಕೊಡದವರನ್ನು ಮರೆತವರೆಂದು ತಿಳಿಯುವ ಪ್ರಮಾದ ಆಗುತ್ತಲೇ ಇರುತ್ತದೆ. ನಡೆದಾಡಿದ ಮೇಲೆ ಆಕ್ಸಿಜನ್ ನಾಲ್ಕು ಅಂಕಕ್ಕಿಂತ ಹೆಚ್ಚು ಇಳಿಯುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಬೇಕು. ಆಕ್ಸಿಜನ್ ಸಾಲದ ತಲೆಗೆ ಯಾವ ಅಭ್ಯಾಸವೂ ಹತ್ತುವುದಿಲ್ಲ.

ನಿದ್ದೆ ಸರಿಪಡಿಸಲು ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿಮಾಡಬೇಕು. ರಾತ್ರಿ ಎಷ್ಟೇ ಕೆಟ್ಟಿದ್ದರೂ ಬೆಳಗ್ಗೆ ಆರೂವರೆಗೆ ಎಬ್ಬಿಸಿ, ಅರ್ಧ ಗಂಟೆ ಬಿಸಿಲು ಬೀಳುವ ಜಗುಲಿಯಲ್ಲೋ ಮಹಡಿಯಲ್ಲೋ ಕೂರಿಸಿ. ಕೊನೆಯ ಕಾಫಿ ಮಧ್ಯಾಹ್ನದ ಊಟಕ್ಕೆ ಮೊದಲು. ಹಗಲು ಒರಗುವುದಾದರೆ ಅರ್ಧ ಗಂಟೆ, ಅದೂ ಮೂರರೊಳಗೆ. ಪಲ್ಸ್ ಆಕ್ಸಿಮೀಟರ್ ಮಂಚದ ಬಳಿಯಿಂದ ದೂರ ಇಡಿ. ಡಾಕ್ಟರು ಹೇಳಿದ ಹೊತ್ತಿಗೆ ನೋಡಿ ಎತ್ತಿಟ್ಟರೆ ಸಾಕು. ಕೈಗೆಟುಕುವಂತಿದ್ದರೆ ರಾತ್ರಿಯಿಡೀ ಬೆರಳಿಗೆ ಸಿಕ್ಕಿಸಿಕೊಂಡು ಅಂಕಿ ನೋಡುತ್ತಾ ಕೂರುತ್ತಾರೆ, ಅದರ ಬೀಪ್ ಶಬ್ದವೇ ಐಸಿಯುಗೆ ಎಳೆದೊಯ್ಯುತ್ತದೆ. ಫ್ರಿಜ್ ಬಾಗಿಲು ತೆರೆದಿಟ್ಟಾಗ ಬರುವ ಕೂಗು, ಇನ್ವರ್ಟರ್‌ನ ಕೂಗು ಇಂಥವಕ್ಕೂ ಬೆವರುವವರಿದ್ದಾರೆ. ಆದಷ್ಟು ಶಬ್ದ ತಗ್ಗಿಸಿ, ಆಗದಿದ್ದರೆ ಅದು ಎಲ್ಲಿಂದ ಬರುತ್ತಿದೆ ಎಂದು ತೋರಿಸಿ.

ಕಳೆದುಹೋದ ದಿನಗಳು

ಐಸಿಯು ಮುಗಿಸಿ ಬಂದವರಿಗೆ ನಡೆದದ್ದು ನೆನಪಿರುವುದಿಲ್ಲ, ನಡೆಯದ್ದು ಚೆನ್ನಾಗಿ ನೆನಪಿರುತ್ತದೆ. ತನ್ನನ್ನು ಲಾರಿಯಲ್ಲಿ ಸಾಗಿಸಿದರು, ನರ್ಸ್ ವಿಷ ಹಾಕಲು ಬಂದಳು, ಮಗ ಹೆಬ್ಬೆಟ್ಟು ಒತ್ತಿಸಿಕೊಂಡು ಆಸ್ತಿ ಬರೆಸಿಕೊಂಡ. ಇಂಥ ಭ್ರಮೆಯ ನೆನಪುಗಳು ನಿಜವಾದವಕ್ಕಿಂತ ಹೆಚ್ಚು ಕಾಲ ಉಳಿಯುತ್ತವೆ. ಆಮೇಲಿನ ಭಯರೋಗಕ್ಕೂ ಇವಕ್ಕೂ ನಂಟಿದೆ. ಕಟ್ಟಿದ ಕೈ ಅಪಹರಣವಾಗಿ, ಕಫ ಎಳೆಯುವ ಪೈಪು ಕತ್ತು ಹಿಸುಕುವ ಕೈಯಾಗಿ ಮಾರ್ಪಟ್ಟಿರುತ್ತದೆ. ಭ್ರಮೆಯ ಬೇರು ಹಲವು ಸಲ ನಿಜವಾಗಿ ನಡೆದ ಚಿಕಿತ್ಸೆಯಲ್ಲೇ ಇರುತ್ತದೆ. ಇದನ್ನು ಬಿಡಿಸಿ ಹೇಳುವವರಿಲ್ಲದಿದ್ದರೆ ಮಾತು ದೃಷ್ಟಿ, ಗಾಳಿ ಸೋಕು, ಮಾಟದ ಕಡೆಗೆ ತಿರುಗುತ್ತದೆ. ತಾಯತ ಕಟ್ಟಿಸಿಕೊಂಡರೆ ನಷ್ಟವಿಲ್ಲ. ಹೊಡೆದು ಬಿಡಿಸುವವರ ಬಳಿ, ಉಪವಾಸ ಕೆಡವುವವರ ಬಳಿ ಕರೆದೊಯ್ದರೆ ನಷ್ಟವಿದೆ.

ಸ್ಕ್ಯಾಂಡಿನೇವಿಯಾದ ಐಸಿಯುಗಳಲ್ಲಿ ದಾದಿಯರು ರೋಗಿಗಾಗಿ ದಿನಚರಿ ಬರೆದಿಡುವ ಪದ್ಧತಿ ಬೆಳೆಯಿತು. 2010ರಲ್ಲಿ ಪ್ರಕಟವಾದ ಯುರೋಪಿನ ಒಂದು ಪ್ರಯೋಗದಲ್ಲಿ, ಈ ದಿನಚರಿ ಸಿಕ್ಕವರಲ್ಲಿ ಹೊಸದಾಗಿ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಬೆನ್ನುಹತ್ತುವ ಭಯರೋಗ, ಕಾಣಿಸಿಕೊಂಡದ್ದು ನೂರಕ್ಕೆ 5, ಸಿಗದವರಲ್ಲಿ 13. ಫ್ರಾನ್ಸ್‌ನಲ್ಲಿ 2019ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಪ್ರಯೋಗದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇದನ್ನು ರಾಮಬಾಣ ಅನ್ನುವಂತಿಲ್ಲ. ಆದರೂ ಖರ್ಚಿಲ್ಲದ, ಹಾನಿ ಕಡಿಮೆಯ ಉಪಾಯ ಎಂದು ನಾವು ಬಿಡುವುದಿಲ್ಲ. ಬಲವಂತ ಮಾತ್ರ ಸಲ್ಲ.

ನಮ್ಮಲ್ಲಿ ಇದನ್ನು ಮನೆಯವರೇ ಆಮೇಲೆ ಕಟ್ಟಬೇಕಾಗುತ್ತದೆ. 100 ಪುಟದ ನೋಟ್‌ಬುಕ್, ದಿನಕ್ಕೊಂದು ಪುಟ. ಡಿಸ್ಚಾರ್ಜ್ ಸಮ್ಮರಿ, ಆಸ್ಪತ್ರೆಯ ಬಿಲ್ಲು, ಮನೆಯವರ ವಾಟ್ಸ್ಆ್ಯಪ್ ಮೆಸೇಜು ಮೂರನ್ನೂ ಮುಂದಿಟ್ಟುಕೊಂಡರೆ ತಾರೀಖುಗಳು ಸಿಗುತ್ತವೆ. ಬಿಲ್ಲಿನಲ್ಲಿ ವೆಂಟಿಲೇಟರ್ ಶುಲ್ಕ ಯಾವ ದಿನ ಶುರುವಾಗಿ ಯಾವ ದಿನ ನಿಂತಿತು ಎಂದು ನೋಡಿದರೆ ಸಮ್ಮರಿಯಲ್ಲಿ ಇಲ್ಲದ್ದೂ ತಿಳಿಯುತ್ತದೆ. ಸರಳ ಮಾತಿನಲ್ಲಿ ಬರೆಯಿರಿ: "ಅಪ್ಪಾ, ಇವತ್ತು ನಿಮ್ಮ ಬಾಯಿಯಿಂದ ಪೈಪು ಹಾಕಿದರು. ನೋವಾಗಬಾರದು ಅಂತ ಮಂಪರಿನ ಔಷಧ ಕೊಟ್ಟಿದ್ದರು. ಅಮ್ಮ ಕೆಳಗೆ ಕಾರಿಡಾರಿನಲ್ಲಿ ಕೂತಿದ್ದರು. ಹೊರಗೆ ಮಳೆ." ಡಾಕ್ಟರ ಪದಗಳು, ಬೈಗುಳ, ಯಾರ ತಪ್ಪು ಎಂಬ ವಿಚಾರಣೆ ಬೇಡ. ಓದುವುದು ಅವರು ಕೇಳಿದಾಗ, ಹಗಲಿನಲ್ಲಿ, ಒಬ್ಬರು ಜೊತೆಯಲ್ಲಿ ಕೂತು, ಒಂದು ಸಲಕ್ಕೆ ಎರಡು ಮೂರು ಪುಟ. ಮೈ ಬೆವರಿದರೆ, ಉಸಿರು ಬಿಗಿಯಾದರೆ ಅಲ್ಲಿಗೆ ಮುಚ್ಚಿ. ಭ್ರಮೆಯ ವಿಚಾರ ಬಂದಾಗ "ಹಾಗೇನೂ ಆಗಿಲ್ಲ, ಸುಮ್ಮನಿರಿ" ಎಂದು ಕಡಿದುಹಾಕುವುದಕ್ಕಿಂತ "ನಿಮಗೆ ಹಾಗೆ ಕಂಡಿತ್ತು, ಅದೇ ಹೊತ್ತಿಗೆ ಅಲ್ಲಿ ನಡೆದದ್ದು ಇದು" ಎಂದು ಎರಡನ್ನೂ ಪಕ್ಕಪಕ್ಕ ಇಡುವುದು ಮೇಲು.

ಎಲ್ಲಕ್ಕಿಂತ ಕಷ್ಟದ್ದು ಸಾವಿನ ಸುದ್ದಿ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಒಂದೇ ಮನೆಯ ಇಬ್ಬರು ಮೂವರು ಬೇರೆ ಬೇರೆ ಆಸ್ಪತ್ರೆಯಲ್ಲಿದ್ದರು. ಒಬ್ಬರು ಕಣ್ಣು ಬಿಡುವಷ್ಟರಲ್ಲಿ ಇನ್ನೊಬ್ಬರ ಅಂತ್ಯಕ್ರಿಯೆ ಮುಗಿದಿತ್ತು. ಸನ್ನಿ ಇಳಿಯುವ ತನಕ ಹೇಳಿ ಫಲವಿಲ್ಲ. ಇಂದು ಯಾವ ವಾರ, ತಾನು ಎಲ್ಲಿದ್ದೇನೆ ಎಂಬುದು ಬೆಳಗ್ಗೆಯೂ ಸಂಜೆಯೂ ಸರಿಯಾಗಿ ಗೊತ್ತಾಗುತ್ತಿದ್ದರೆ, ಆಮೇಲೆ ತಡಮಾಡಬಾರದು. ಅವರು ಹೆಚ್ಚು ನಂಬುವ ಒಬ್ಬರೇ ಹೇಳಬೇಕು, "ತೀರಿಕೊಂಡರು" ಎಂದು ನೇರವಾಗಿ. "ಊರಿಗೆ ಹೋಗಿದ್ದಾರೆ", "ಇನ್ನೂ ಆಸ್ಪತ್ರೆಯಲ್ಲಿದ್ದಾರೆ" ಎಂದು ದಿನ ದೂಡಿದರೆ, ಮೊದಲೇ ಯಾವುದು ನಿಜ ಯಾವುದು ಭ್ರಮೆ ಎಂದು ತಿಳಿಯದ ಮನಸ್ಸಿಗೆ ಮನೆಯವರ ಮೇಲಿನ ನಂಬಿಕೆಯೂ ಹೋಗುತ್ತದೆ. ಮರುದಿನ ಮತ್ತೆ ಕೇಳಬಹುದು. ಮತ್ತೆ ಅದೇ ಮಾತಿನಲ್ಲಿ ಹೇಳಬೇಕು. ಕರ್ಮಾಂತರ ತಪ್ಪಿಹೋಗಿರುತ್ತದಲ್ಲ, ಮಾಸಿಕಕ್ಕೋ ವರ್ಷಾಬ್ದಿಗೋ ಅವರ ಕೈಯಿಂದ ಒಂದು ಕೆಲಸ ಮಾಡಿಸಿದರೆ ಎಷ್ಟೋ ನಿರಾಳ.

ಮರೆವಲ್ಲ, ಗಮನ

ಮೂರನೆಯ ವಾರದಿಂದ ಎಲ್ಲರೂ ಹೇಳುವುದು ಮರೆವಿನ ಬಗ್ಗೆ. ಹತ್ತಿರದಿಂದ ನೋಡಿದರೆ ಅನೇಕ ಸಲ ಮರೆತಿರುವುದಲ್ಲ, ತಲೆಯೊಳಗೆ ಹೋಗೇ ಇರುವುದಿಲ್ಲ. ಮಿಕ್ಸಿ ಓಡುತ್ತಿರುವಾಗ, ಟಿವಿ ಹಾಕಿಕೊಂಡು ಹೇಳಿದ ಮಾತು ಒಳಗೆ ನಿಲ್ಲುವುದಿಲ್ಲ. ಒಂದು ಹೊತ್ತಿಗೆ ಒಬ್ಬರೇ ಮಾತಾಡಿ, ಒಂದೇ ವಿಷಯ ಹೇಳಿ, ಟಿವಿ ಆರಿಸಿ. ಇಷ್ಟಕ್ಕೇ ಅರ್ಧ ಮರೆವು ಮಾಯವಾಗುವುದನ್ನು ಕಾಣಬಹುದು. ನೋಡಲು ಬಂದ ನೆಂಟರು "ನಾನು ಯಾರು ಹೇಳು ನೋಡೋಣ?" ಎಂದು ಪರೀಕ್ಷೆ ಮಾಡುವುದನ್ನು ದಯವಿಟ್ಟು ಬಾಗಿಲಲ್ಲೇ ತಡೆಯಿರಿ. "ನಾನು ನಿಮ್ಮ ಭಾವಮೈದ, ಹಾಸನದಿಂದ ಬಂದೆ" ಎಂದು ಅವರೇ ಹೇಳಲಿ.

ಅಭ್ಯಾಸ ಶುರುವಿಗೆ ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ. ಒಂದು ಬೆಳಗಿನ ತಿಂಡಿಯ ನಂತರ, ಇನ್ನೊಂದು ನಾಲ್ಕರ ಹೊತ್ತಿಗೆ. ಪತ್ರಿಕೆಯ ಒಂದು ಸುದ್ದಿಯ ಮೊದಲ ಪ್ಯಾರಾ ಗಟ್ಟಿಯಾಗಿ ಓದಿ, ಮಡಚಿಟ್ಟು, ಯಾರು, ಎಲ್ಲಿ, ಏನಾಯಿತು ಎಂದು ಹೇಳುವುದು. ತಟ್ಟೆಯಲ್ಲಿ ಒಂದು ಪಾವು ಬೇಳೆ ಹಾಕಿಕೊಂಡು ಕಲ್ಲು ಆರಿಸುವುದು. ಬಲ ಕಳೆದುಕೊಂಡ ಬೆರಳಿಗೂ ಅದು ಒಳ್ಳೆಯದು. ಐದು ಸಾಮಾನಿನ ಚೀಟಿ ಬರೆದು ₹500ರಲ್ಲಿ ಚಿಲ್ಲರೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕುವುದು. ಚೌಕಾಬಾರ, ಅಳಗುಳಿಮಣೆ ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ, ಎಣಿಕೆ, ಸರದಿ ಕಾಯುವುದು, ಮುಂದಿನ ನಡೆ ಯೋಚಿಸುವುದು ಮೂರೂ ಅದರಲ್ಲಿವೆ. ವಾರಕ್ಕೆ ಐದು ನಿಮಿಷ ಏರಿಸಿ. ನೂರರಿಂದ ಏಳೇಳು ಕಳೆಯುವುದನ್ನು, ಗಡಿಯಾರ ಬರೆಯುವುದನ್ನು ಮಾತ್ರ ಮನೆಯಲ್ಲಿ ಅಭ್ಯಾಸ ಮಾಡಿಸಬೇಡಿ. ಅವು ಆಸ್ಪತ್ರೆಯ ಪರೀಕ್ಷೆಯ ಪ್ರಶ್ನೆಗಳು. ಬಾಯಿಪಾಠ ಮಾಡಿ ಅಂಕ ತೆಗೆದರೆ ನಿಜವಾದ ಕೊರತೆ ಮುಚ್ಚಿಹೋಗುತ್ತದೆ.

ಈ ಹೊತ್ತಿನ ತಲೆ ಹಳೆಯ ಮೊಬೈಲಿನ ಬ್ಯಾಟರಿಯಂತೆ, ನೂರು ತೋರಿಸುತ್ತಲೇ ಥಟ್ಟನೆ ಆರಿಹೋಗುತ್ತದೆ. ವೈರಸ್ ಕಾಯಿಲೆಯ ನಂತರ ಶ್ರಮದ ಪರಿಣಾಮ ಆಗಲೇ ಕಾಣದೆ ಒಂದೆರಡು ದಿನ ಬಿಟ್ಟು ಕಾಣುವುದುಂಟು. ಸೋಮವಾರ ಉತ್ಸಾಹದಿಂದ ಒಂದು ಗಂಟೆ ಓದಿ, ನಡೆದು, ಬುಧವಾರ ಹಾಸಿಗೆ ಹಿಡಿದರೆ ಅದು ಸೋಮಾರಿತನವಲ್ಲ. ಹಾಗಾದರೆ ಹಿಂದಿನ ಪ್ರಮಾಣದ ಅರ್ಧಕ್ಕೆ ಇಳಿಸಿ, ಒಂದು ವಾರ ಅಲ್ಲೇ ನಿಲ್ಲಿಸಿ ಮತ್ತೆ ಏರಿಸಬೇಕು. ಹಟ ಹಿಡಿದು ಮುಂದುವರಿಸಿದವರು ತಿಂಗಳು ಹಿಂದೆ ಬೀಳುತ್ತಾರೆ.

ಹೊಸ ವಿಷಯ ಕಲಿಸಲು ಒಂದು ಖಚಿತ ವಿಧಾನವಿದೆ. "ಮಾತ್ರೆ ಡಬ್ಬಿ ದೇವರಮನೆ ಪಕ್ಕದ ಕಪಾಟಿನಲ್ಲಿ" ಎಂದು ಹೇಳಿ ಕೂಡಲೇ ಕೇಳಿ. ಸರಿಯಾದರೆ ಒಂದು ನಿಮಿಷ ಬಿಟ್ಟು, ಆಮೇಲೆ ಎರಡು, ನಾಲ್ಕು, ಎಂಟು ನಿಮಿಷ ಬಿಟ್ಟು ಕೇಳಿ. ತಪ್ಪಿದರೆ ಊಹಿಸಲು ಬಿಡದೆ ಸರಿ ಉತ್ತರ ಹೇಳಿ, ಹಿಂದೆ ಗೆದ್ದ ಅಂತರಕ್ಕೆ ಮರಳಿ. ಊಹಿಸಿದ ತಪ್ಪೇ ನೆನಪಿನಲ್ಲಿ ಉಳಿದುಬಿಡುವ ಅಪಾಯವಿದೆ, ಅದಕ್ಕೇ ಈ ಎಚ್ಚರ.

ಅಡುಗೆಮನೆಗೆ ಮರಳುವಾಗ ಉಪ್ಪಿಟ್ಟಿನಂಥ ಒಂದೇ ಒಲೆಯ ಅಡುಗೆಯಿಂದ ಶುರುವಾಗಲಿ, ಎಂಟು ಸಾಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಎಷ್ಟು ವರ್ಷ ಮಾಡಿದ ಕೈಯಾದರೂ ಒಗ್ಗರಣೆ ಹಾಕಿ ರವೆ ಹುರಿದಿದ್ದೆನೋ ಇಲ್ಲವೋ ಎಂದು ನಿಂತುಬಿಡುತ್ತದೆ. ಮುಗಿದ ಸಾಲಿಗೆ ಟಿಕ್ ಹಾಕಲಿ. ಕುಕ್ಕರ್ ಎಷ್ಟು ಕೂಗಿತು ಎಂಬ ಎಣಿಕೆ ಖಂಡಿತ ತಪ್ಪುತ್ತದೆ, ಮೊಬೈಲ್ ಟೈಮರ್ ಇಡಿ. ಸಿಲಿಂಡರಿನ ರೆಗ್ಯುಲೇಟರ್ ಆರಿಸುವ ಕೆಲಸ ಕೆಲವು ತಿಂಗಳು ಬೇರೊಬ್ಬರದ್ದಾಗಿರಲಿ.

ಅಳತೆ, ಮತ್ತು ಮನಸ್ಸಿನ ವೈದ್ಯರು

ನೆನಪು, ಗಮನ ಅಳೆಯುವ ಮೋಕಾ ಎಂಬ ಹತ್ತು ನಿಮಿಷದ ಪರೀಕ್ಷೆ ಕನ್ನಡದಲ್ಲೂ ಇದೆ. ಒಟ್ಟು 30 ಅಂಕ, 26 ಅಥವಾ ಹೆಚ್ಚು ಬಂದರೆ ಸಾಮಾನ್ಯ ಎಂದು ಲೆಕ್ಕ. ಓದು 12 ವರ್ಷ ಅಥವಾ ಕಡಿಮೆಯಿದ್ದರೆ ಒಂದು ಅಂಕ ಸೇರಿಸುತ್ತಾರೆ. ಶಾಲೆಗೇ ಹೋಗದವರಿಗೆ ಈ ಅಂಕ ಮೋಸ ಮಾಡುತ್ತದೆ, ಅವರ ವಿಷಯದಲ್ಲಿ ಮನೆಯವರ ಮಾತೇ ಹೆಚ್ಚು ನಿಜ. ವಾರ್ಡಿನ ಮಂಚದ ಮೇಲೆ ಮಾಡಿದ ಪರೀಕ್ಷೆಗೆ ಬೆಲೆ ಕಡಿಮೆ. ಮೂರು ತಿಂಗಳಿಗೆ, ಆಮೇಲೆ ಆರಕ್ಕೆ, ವರ್ಷಕ್ಕೆ ಮಾಡಿಸಿ.

ಆತಂಕ, ಖಿನ್ನತೆಗೆ ಹ್ಯಾಡ್ಸ್ ಎಂಬ 14 ಪ್ರಶ್ನೆಗಳ ಹಾಳೆ ಇದೆ. ಎರಡಕ್ಕೂ ಏಳೇಳು ಪ್ರಶ್ನೆ, ತಲಾ 21 ಅಂಕ. ಯಾವುದರಲ್ಲಾದರೂ 11 ಅಥವಾ ಹೆಚ್ಚು ಬಂದರೆ ಚಿಕಿತ್ಸೆಯ ಮಾತು ಬರುತ್ತದೆ. ತಿಂಗಳಾದರೂ ಅದೇ ಕೆಟ್ಟ ಕನಸು, ಆಸ್ಪತ್ರೆಯ ದಾರಿಯನ್ನೇ ಬಿಟ್ಟು ಸುತ್ತಿಹೋಗುವುದು, ಫಾಲೋಅಪ್‌ಗೆ ಹೋಗಲು ಒಪ್ಪದಿರುವುದು, ಇವು ಪಿಟಿಎಸ್‌ಡಿಯ ಗುರುತುಗಳು. ಇದಕ್ಕೆ ಮಾತಿನ ಚಿಕಿತ್ಸೆ ಇದೆ, ಕೆಲಸ ಮಾಡುತ್ತದೆ. ಖಿನ್ನತೆಯ ಮಾತ್ರೆಗಳು ಹಿಡಿಯಲು ಕೆಲವು ವಾರ ಬೇಕು. ಎರಡು ದಿನ ನುಂಗಿ "ಏನೂ ಆಗಲಿಲ್ಲ" ಎಂದು ಬಿಡುವವರೇ ಜಾಸ್ತಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಸಾಯುವ ಮಾತು ಬಂದರೆ, ಥಟ್ಟನೆ ಗೊಂದಲ ಹೆಚ್ಚಿದರೆ, ಒಂದು ಕಡೆ ಕೈಕಾಲು ಬಲ ಕಳೆದುಕೊಂಡರೆ, ಫಿಟ್ಸ್ ಬಂದರೆ, ಜ್ವರದ ಜೊತೆ ವಿಪರೀತ ತಲೆನೋವಿದ್ದರೆ ಫೋನಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಿ.

ದುಡ್ಡು, ಗಾಡಿ, ಕೆಲಸ

ಒಟಿಪಿ ಕೇಳುವ ಮೋಸಗಾರರಿಗೆ ಇಂಥವರು ಸುಲಭದ ಬೇಟೆ. ಯುಪಿಐ ದಿನದ ಮಿತಿಯನ್ನು ₹2000ದಂಥ ಸಣ್ಣ ಮೊತ್ತಕ್ಕೆ ಇಳಿಸಿಕೊಳ್ಳಲು ಅವರನ್ನೇ ಒಪ್ಪಿಸಿ. ಹೇಳದೆ ಕೇಳದೆ ಫೋನ್ ಕಿತ್ತುಕೊಂಡರೆ, ಮಗ ಹೆಬ್ಬೆಟ್ಟು ಒತ್ತಿಸಿಕೊಂಡ ಎಂಬಂಥ ಭ್ರಮೆಗೆ ಸಾಕ್ಷಿ ಒದಗಿಸಿದಂತೆ. ಆಸ್ತಿ, ಸಾಲ, ಜಾಮೀನಿನ ಸಹಿಗಳನ್ನು ಮೂರು ತಿಂಗಳ ಪರೀಕ್ಷೆಯ ತನಕ ಮುಂದೂಡಿ. ಬೈಕು, ಕಾರು ಡಾಕ್ಟರು ಒಪ್ಪಿದ ಮೇಲೆ, ಮೊದಲು ಖಾಲಿ ರಸ್ತೆಯಲ್ಲಿ, ಪಕ್ಕದಲ್ಲೊಬ್ಬರು ಕೂತು.

ಮೊದಲು ದುಡಿಯುತ್ತಿದ್ದವರಲ್ಲಿ ಮೂರು ತಿಂಗಳಿಗೆ ಸುಮಾರು ಮೂರರಲ್ಲಿ ಎರಡು ಪಾಲು, ವರ್ಷಕ್ಕೆ ಐದರಲ್ಲಿ ಎರಡು ಪಾಲು ಜನ ಕೆಲಸಕ್ಕೆ ಮರಳಿರುವುದಿಲ್ಲ ಎಂದು ಹಲವು ಅಧ್ಯಯನಗಳನ್ನು ಕೂಡಿಸಿದ ಲೆಕ್ಕ ಹೇಳುತ್ತದೆ. ಕಾರ್ಮಿಕರ ವಿಮೆಯಾದ ಇಎಸ್‌ಐ ಇರುವವರಿಗೆ ಅರ್ಹತೆಯಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70 ಭಾಗ ಸಿಗುತ್ತದೆ. ಕೆಲಸ ಬಿಟ್ಟುಬಿಡುವ ಮೊದಲು ಅದನ್ನು ಬಳಸಿ. ಮರಳುವಾಗ ದಿನಕ್ಕೆ ಎರಡು ಗಂಟೆ, ಬೆಳಗಿನ ಹೊತ್ತು, ಹಳೆಯ ಕೆಲಸ. ಹೊಸ ಸಾಫ್ಟ್‌ವೇರ್, ನಗದು ಎಣಿಕೆ, ಓಡುವ ಯಂತ್ರದ ಮುಂದೆ ನಿಲ್ಲುವುದು ಕೊನೆಗೆ.

ನೋಡಿಕೊಳ್ಳುವವರಿಗೂ ನಿದ್ದೆಗೇಡು, ಆತಂಕ ಬರುತ್ತದೆ, ಅದಕ್ಕೂ ಇದೇ ಪಿಕ್ಸ್‌ನ ಅಡಿಯಲ್ಲಿ ಜಾಗವಿದೆ. ವಾರಕ್ಕೆ ಎರಡು ರಾತ್ರಿ ಬೇರೊಬ್ಬರು ಪಕ್ಕದಲ್ಲಿ ಮಲಗುವ ಏರ್ಪಾಡು ಮಾಡಿಕೊಳ್ಳಿ.

ಇನ್ನೊಂದು ಕೆಲಸ ಬಾಕಿ. ಒಮ್ಮೆ ಸನ್ನಿ ಹಿಡಿದವರಿಗೆ ಮುಂದಿನ ಆಪರೇಷನ್‌ನಲ್ಲೋ ಜ್ವರದಲ್ಲೋ ಮತ್ತೆ ಹಿಡಿಯುವ ಸಾಧ್ಯತೆ ಹೆಚ್ಚು. ಒಂದು ಹಾಳೆಯಲ್ಲಿ ಇಷ್ಟು ಬರೆದು ಆಧಾರ್ ಕಾರ್ಡಿನ ಜೊತೆ ಇಡಿ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ವೆಂಟಿಲೇಟರ್, ಸನ್ನಿ ಎಷ್ಟು ದಿನ, ಆಗ ಕೊಟ್ಟ ಮಂಪರಿನ ಔಷಧಗಳ ಹೆಸರು, ಕನ್ನಡಕ ಮತ್ತು ಕಿವಿಯ ಯಂತ್ರ ಬೇಕೋ ಹೇಗೆ, ಯಾವ ಭಾಷೆಯಲ್ಲಿ ಮಾತಾಡಿಸಬೇಕು, ರಾತ್ರಿ ಜೊತೆಗಿರಲು ಯಾರನ್ನು ಕರೆಯಬೇಕು. ಇದನ್ನು ಅರಿವಳಿಕೆ ಡಾಕ್ಟರ ಕೈಗೆ ಆಪರೇಷನ್ ಹಿಂದಿನ ದಿನವೇ ಕೊಡಿ. ಥಿಯೇಟರ್ ಬಾಗಿಲಲ್ಲಿ ಕೊಟ್ಟರೆ ಓದಲು ಅವರಿಗೆ ಪುರುಸೊತ್ತಿರುವುದಿಲ್ಲ.